ಇದು ನಮ್ಮ ಕುದುರೆ ಅಲ್ಲ



ಕಳೆದ ಕ್ರಿಸ್ಮಸ್ ಹಬ್ಬಕ್ಕೆ ಗೋದಲಿ ಕಟ್ಟುವ ಹೊಣೆ ಎಂದಿನಂತೆ ನಮ್ಮ ಯುವಜನರ ಮೇಲೆ ಬಿದ್ದಿತ್ತು. ಅಲಂಕಾರಕ್ಕೆಂದು ಸೋಲಾಪುರದಿಂದ ತಂದ ಪೊಟ್ಟಣದಲ್ಲಿ ನಕ್ಷತ್ರ, ಜರಿ ಕಾಗದ, ಹತ್ತಿಯ ಹಿಮ ಇವುಗಳ ಜೊತೆಗೆ ಒಂದಿಷ್ಟು ದೊಡ್ಡ ಕಾರ್ಡುಗಳೂ ಇದ್ದವು. ಎಲ್ಲವೂ ಹಳೆಯ ಕಪ್ಪು-ಬಿಳುಪು ಫೋಟೋಗಳ ಅಚ್ಚು. ಹಿಮ ಬಿದ್ದ ದಾರಿ, ಗಾಲಿಯಿಲ್ಲದೆ ಜಾರುತ್ತ ಹೋಗುವ ಸ್ಲೆಡ್ಜ್ ಗಾಡಿ, ಅದನ್ನು ಎಳೆಯುವ ಕುದುರೆ, ಕುದುರೆಯ ಕೊರಳಿಗೆ ಗೆಜ್ಜೆಯ ಪಟ್ಟಿ, ಗಾಡಿಯಲ್ಲಿ ಕಂಬಳಿ ಹೊದ್ದು ನಗುತ್ತ ಕುಳಿತ ಸಂಸಾರ. ನೋಡಲು ಚೆಂದ. ಆದರೆ ನಮ್ಮದು ಉಮದಿ. ಡಿಸೆಂಬರಿನ ಮಧ್ಯಾಹ್ನವೂ ಇಲ್ಲಿ ಬಿಸಿಲು ಚುರುಗುಟ್ಟುತ್ತದೆ. ಮಳೆಯೇ ನೆಟ್ಟಗೆ ಬೀಳದ ಜತ್ತ ತಾಲೂಕಿನಲ್ಲಿ ಹಿಮ ಕಂಡವರು ಯಾರು? ಸೈನ್ಯದಿಂದ ನಿವೃತ್ತರಾಗಿ ಬಂದ ಕಾಕಾ ಒಬ್ಬರು ಮಾತ್ರ. ಕಾರ್ಡು ನೋಡಿ ಅವರು, "ಗುಲ್ಮಾರ್ಗದಾಗ ಇಂಥಾ ಗಾಡಿ ಅದಾವ. ಆದರ ಅಲ್ಲಿ ಎಳಿಯೋದು ಕುದರಿ ಅಲ್ಲ, ಮನಶ್ಯಾರು" ಎಂದರು. ನಾವು ಆಗ ನಕ್ಕು ಬಿಟ್ಟೆವು.

ನಮ್ಮ ಗುಂಪಿನ ಹುಡುಗಿಯೊಬ್ಬಳು, "ಪರದೇಶದ ಗಾಡಿ ಯಾಕ, ನಮ್ಮ ಕಡೆ ಕುದರಿ ಗಾಡಿ ಇರಲಿಲ್ಲೇನು?" ಎಂದು ಕೇಳಿದಳು. ಇದ್ದವಲ್ಲ! ಮಿರಜದಲ್ಲಿ ಟಾಂಗಾ ಇದ್ದವು, ವಿಜಯಪುರದಲ್ಲಿ ಇದ್ದವು, ಈಗಲೂ ಅಷ್ಟಿಷ್ಟು ಇವೆ. ಹಾಗಾಗಿ ಮನೆಮನೆಗೆ ಹೋಗಿ ಹಳೆಯ ಫೋಟೋ ಕೇಳಿ ತರುವುದು, ಹಬ್ಬದ ವಾರ ಅವನ್ನು ಗೋದಲಿಯ ಪಕ್ಕದ ಗೋಡೆಗೆ ತೂಗುಹಾಕುವುದು ಎಂದು ತೀರ್ಮಾನಿಸಿದೆವು. ನಮ್ಮವರ ಮನೆಗಳಿಗಷ್ಟೇ ಅಲ್ಲ, ಓಣಿಯ ಎಲ್ಲರ ಮನೆಗಳಿಗೂ ಹೋದೆವು. ಹನ್ನೊಂದು ಫೋಟೋ ಸಿಕ್ಕವು. ಅವುಗಳಲ್ಲಿ ಏಳು ಮದುವೆಯ ಮೆರವಣಿಗೆಯವು, ಮದುಮಗ ಕುದುರೆಯ ಮೇಲೆ ಕುಳಿತದ್ದು. ಈ ಬರಹಕ್ಕೆ ಕಾರಣವಾದದ್ದು ಒಂದೇ ಫೋಟೋ.

ಅದನ್ನು ಕೊಟ್ಟವರು ನಾವೆಲ್ಲ ಖಾಲಾ ಎಂದು ಕರೆಯುವ ಹಿರಿಯರು. ತವರು ವಿಜಯಪುರ. ಅವರ ತಂದೆ ಅಲ್ಲಿ ಟಾಂಗಾ ಹೊಡೆಯುತ್ತಿದ್ದರು. ಅಂಗೈಯಗಲದ ಫೋಟೋ. ಹಿಂದೆ ಮಸುಕಾಗಿ ಗೋಳಗುಮ್ಮಟ. ಮುಂದೆ ಟಾಂಗಾ. ಒಳಗೆ ಕೋಟು ತೊಟ್ಟ ಅಧಿಕಾರಿಯೊಬ್ಬರು, ಅವರ ಹೆಂಡತಿ, ಇಬ್ಬರು ಮಕ್ಕಳು. ಮುಂದಿನ ಪಟ್ಟಿಯ ಮೇಲೆ ಲಗಾಮು ಹಿಡಿದು ಕುಳಿತ ತೆಳ್ಳನೆಯ ಮನುಷ್ಯ. ಕುದುರೆಯ ಮೈಯೆಲ್ಲ ಸ್ಪಷ್ಟವಾಗಿದೆ, ಪಕ್ಕೆಲುಬು ಎಣಿಸಬಹುದು. ತಲೆ ಮಾತ್ರ ಹೊಗೆ ಎದ್ದಂತೆ ಕಲಸಿಹೋಗಿದೆ. ಫೋಟೋದ ಬೆನ್ನಿಗೆ ಇಂಗ್ಲಿಷಿನಲ್ಲಿ ಆ ಅಧಿಕಾರಿಯ ಹೆಸರು, ಬಿಜಾಪುರ, 1958 ಎಂದು ಬರೆದಿದೆ. ಊರು ನೋಡಲು ಬಂದವರು ಆಮೇಲೆ ನೆನಪಿಟ್ಟು ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದರಂತೆ. ಒಳ್ಳೆಯ ಜನ. ಆದರೆ ಟಾಂಗಾ ಹೊಡೆದವನ ಹೆಸರು ಬೆನ್ನಿಗೂ ಇಲ್ಲ, ಎಲ್ಲಿಯೂ ಇಲ್ಲ.

ಚಿಕ್ಕ ಫೋಟೋ ಗೋಡೆಗೆ ಸಾಲದು, ದೊಡ್ಡದು ಮಾಡಬೇಕು. ನಮ್ಮಲ್ಲೊಬ್ಬ ಅದನ್ನು ಮೊಬೈಲಿನಲ್ಲಿ ತೆಗೆದು, ಹಳೆಯ ಫೋಟೋ ಸರಿಪಡಿಸುವ ಆ್ಯಪಿಗೆ ಹಾಕಿದ. ಅರ್ಧ ನಿಮಿಷದಲ್ಲಿ ಬಂತು ನೋಡಿ: ಗೀರು ಮಾಯ, ಕಲೆ ಮಾಯ, ಗುಮ್ಮಟದ ಅಂಚು ಚೂಪು. ಹೊಗೆಯಾಗಿದ್ದ ಜಾಗದಲ್ಲಿ ಸುಂದರವಾದ ಕುದುರೆಯ ತಲೆ. ನೀಳವಾದ ಮೂತಿ, ನೆಟ್ಟನೆಯ ಕಿವಿ, ಹೊಳೆಯುವ ಕಣ್ಣು. ನಾವೆಲ್ಲ ಭಲೇ ಎಂದೆವು. ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಖಾಲಾ ಅವರಿಗೆ ತೋರಿಸಲು ಹೋದೆವು.

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅಪ್ಪ ಹೌದು. ಟಾಂಗಾ ಹೌದು. ಕುದರಿ ಯಾರ್ದಪಾ ಇದು?"

"ನಿಮ್ದ ರೀ ಖಾಲಾ, ಮಾರಿ ಕಾಣತಿರಲಿಲ್ಲಲ್ಲ, ಕಾಣೂ ಹಂಗ ಮಾಡೀವಿ."

"ಇದು ನಮ್ಮ ಕುದರಿ ಅಲ್ಲ ತಮ್ಮಾ. ಅದರ ಹಣಿ ಮ್ಯಾಲ ಬೆಳ್ಳನ ಚುಕ್ಕಿ ಇತ್ತು. ಅದಕ್ಕs ಚಾಂದ್ ಅಂತಿದ್ವಿ. ಒಂದು ಕಿವಿ ಹರದಿತ್ತು. ಇದ್ಯಾವುದೋ ಸಾಹುಕಾರ ಕುದರಿ."

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಟ್ಟು ಹಾಕಿಸಿದ ಫೋಟೋ ಎತ್ತಿಕೊಂಡು ವಾಪಸು ಬಂದೆವು. ಅಂದು ಸಂಜೆ ಶುರುವಾದ ವಾದ ಮೂರು ದಿನ ನಡೆಯಿತು. ಗೋದಲಿಯ ಕೆಲಸ ಹಿಂದೆ ಬಿತ್ತು, ಗುರುಗಳಿಂದ ಬೈಸಿಕೊಂಡದ್ದೂ ಆಯಿತು. ಆದರೆ ಆ ವಾದ ಬರೆದಿಡುವಂಥದ್ದು ಎಂದು ನಮಗನಿಸಿದೆ.

ಪ್ರಶ್ನೆ ಇಷ್ಟೇ: ಕಾಣದ್ದನ್ನು ಕಾಣುವಂತೆ ಮಾಡಿದರೆ ಅದು ಸತ್ಯಕ್ಕೆ ಹತ್ತಿರವಾಯಿತೋ, ದೂರವಾಯಿತೋ?

ಡಿಪ್ಲೊಮಾ ಓದುತ್ತಿರುವ ನಮ್ಮ ಗೆಳೆಯನ ವಾದವನ್ನು ಮೊದಲು ಹೇಳಬೇಕು, ಏಕೆಂದರೆ ಅದು ಸುಲಭಕ್ಕೆ ಬಗ್ಗುವಂಥದ್ದಲ್ಲ. ಅವನೆಂದ: "ಹೊಗೆಯೂ ಸುಳ್ಳೇ ಅಲ್ಲವೇ? ಆ ಕುದುರೆಗೆ ತಲೆ ಇತ್ತು, ಹೊಗೆ ಇರಲಿಲ್ಲ. ಕ್ಯಾಮೆರಾ ತಪ್ಪಾಗಿ ತೋರಿಸಿತು, ಆ್ಯಪು ಬೇರೆ ಥರ ತಪ್ಪಾಗಿ ತೋರಿಸಿತು. ಎರಡರಲ್ಲಿ ಚೆಂದ ಇರುವುದನ್ನು ಇಟ್ಟುಕೊಂಡರೆ ತಪ್ಪೇನು?"

ವಿಜ್ಞಾನ ಓದಿದ ನಾವು ಇದಕ್ಕೆ ಲೆಕ್ಕದಿಂದಲೇ ಉತ್ತರ ಹುಡುಕಿದೆವು. ಆ ಕಾಲದ ಸಾದಾ ಬಾಕ್ಸ್ ಕ್ಯಾಮೆರಾಗಳ ಶಟರು ಸೆಕೆಂಡಿನ ಮೂವತ್ತನೆಯ ಅಥವಾ ಐವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತಿತ್ತು. ಬಹಳ ಕಡಿಮೆ ಎನಿಸುತ್ತದೆ. ಆದರೆ ನೊಣ ಓಡಿಸಲು ಕುದುರೆ ತಲೆ ಒದರಿದಾಗ ಅಷ್ಟರಲ್ಲೇ ಮೂತಿ ಮೂರು ನಾಲ್ಕು ಇಂಚು ಸರಿದುಬಿಡಬಹುದು. ಆ ಸರಿದ ದಾರಿಯೇ ಫಿಲ್ಮಿನ ಮೇಲೆ ಹೊಗೆಯಾಗಿ ಬಿದ್ದಿದೆ. ಅಂದರೆ ಅದು ಬರೀ ಕೆಟ್ಟುಹೋದ ಜಾಗವಲ್ಲ. ಗೋಳಗುಮ್ಮಟದ ಮುಂದೆ ಒಂದು ದಿನ, ಆ ಗಳಿಗೆಯಲ್ಲಿ, ಚಾಂದ್ ಎಂಬ ಆ ಒಂದು ಕುದುರೆ ತಲೆ ಒದರಿತು ಎಂಬುದಕ್ಕೆ ಉಳಿದಿರುವ ಏಕೈಕ ಗುರುತು ಅದು. ಆ್ಯಪು ಕೂರಿಸಿದ ತಲೆ ಎಲ್ಲಿಂದ ಬಂತು? ಸಾವಿರಾರು ಬೇರೆ ಕುದುರೆಗಳ ಫೋಟೋ ನೋಡಿ ಕಲಿತು, ಇಲ್ಲಿ ಹೀಗಿದ್ದೀತು ಎಂದು ಅದು ಊಹಿಸಿದ್ದು. ಆ ಸ್ಪಷ್ಟವಾದ ತಲೆಯಲ್ಲಿ ಚಾಂದ್‌ನದು ಕೂದಲೆಳೆಯಷ್ಟೂ ಇಲ್ಲ. ಮಸುಕಿನಲ್ಲಿರುವುದು ಪೂರ್ತಿ ಅವನದೇ.

ಗೆಳೆಯ ಸುಮ್ಮನಾದ. ಒಪ್ಪಿದನೆಂದಲ್ಲ. "ಹಾಗಾದರೆ ಯಾರಿಗೂ ಕಾಣದ ಸತ್ಯ ಇಟ್ಟುಕೊಂಡು ಏನು ಮಾಡೋದು?" ಎಂದು ಆಮೇಲೂ ಕೇಳಿದ. ಅದು ನಮ್ಮನ್ನು ಇನ್ನೂ ಕಾಡುತ್ತಿದೆ.

ಕ್ಯಾಮೆರಾದ ಕಥೆ ಶುರುವಾದದ್ದೇ ಹೀಗೆ. 1838ರಲ್ಲಿ ಫ್ರಾನ್ಸಿನ ಡಾಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಹಾಡುಹಗಲು, ಕುದುರೆ ಸಾರೋಟುಗಳು ಬಿಡುವಿಲ್ಲದೆ ಓಡಾಡುವ ಬೀದಿ. ಆದರೆ ಚಿತ್ರದಲ್ಲಿ ಒಂದು ಗಾಡಿಯೂ ಇಲ್ಲ, ಒಂದು ಕುದುರೆಯೂ ಇಲ್ಲ. ಆಗ ಒಂದು ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು, ಓಡುತ್ತಿದ್ದದ್ದು ಯಾವುದೂ ಅಚ್ಚಾಗಲಿಲ್ಲ. ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ. ಕಾಲು ಮುಂದಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಅಲುಗಾಡದೆ ನಿಂತಿದ್ದನಾದ್ದರಿಂದ ಅವನು ಉಳಿದ. ಪಾಲಿಶ್ ಮಾಡುತ್ತಿದ್ದವನು ಅವನ ಕಾಲ ಬುಡದಲ್ಲಿ ಒಂದು ಕಪ್ಪು ಗುಡ್ಡೆಯಂತೆ ಕಾಣುತ್ತಾನೆ, ಏಕೆಂದರೆ ಅವನ ಕೈ, ಮೈ ಆಡುತ್ತಿತ್ತು. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರು ಇವರು ಎನ್ನುತ್ತಾರೆ.

ಇದನ್ನು ಯೋಚಿಸುತ್ತ ನಾವು ಹನ್ನೊಂದೂ ಫೋಟೋಗಳನ್ನು ಮತ್ತೆ ಹರಡಿಕೊಂಡು ನೋಡಿದೆವು. ಕುಳಿತವರು ಸ್ಪಷ್ಟ. ಸೇವೆ ಮಾಡುವವರು ಮಸುಕು, ಅಥವಾ ಅಂಚಿನಲ್ಲಿ ಅರ್ಧ ಕತ್ತರಿಸಿಹೋದವರು. ಮದುಮಗನ ಕುದುರೆಯ ಹಗ್ಗ ಹಿಡಿದವನ ಕೈ ಮಾತ್ರ ಇದೆ, ಆಳಿಲ್ಲ. ಕ್ಯಾಮೆರಾಕ್ಕೆ ಜಾತಿಯಿಲ್ಲ, ಪಕ್ಷಪಾತವಿಲ್ಲ, ಅದು ಬರೀ ಗಾಜು ಮತ್ತು ರಾಸಾಯನಿಕ. ಆದರೂ ದುಡಿಯುವವನು ಅಲುಗಾಡುತ್ತಾನೆ, ಕುಳಿತವನು ನೆಟ್ಟಗಿರುತ್ತಾನೆ. ಫೋಟೋ ಯಾರನ್ನು ಉಳಿಸುತ್ತದೆ ಎಂಬುದು ಅಲ್ಲಿಗೆ ಅರ್ಧ ನಿರ್ಧಾರವಾದಂತೆ. ಉಳಿದರ್ಧ ಅದರ ಬೆನ್ನಿಗೆ ಹೆಸರು ಬರೆಯುವವರ ಕೈಯಲ್ಲಿ.

ಈಗ ಆ ಹಿಮದ ಕಾರ್ಡುಗಳ ಮಾತು. ನೋಡಿದಾಗ ಎಲ್ಲರ ಬಾಯಲ್ಲೂ ಬಂದದ್ದು, ಆ ಕಾಲ ಎಷ್ಟು ಚೆಂದವಿತ್ತು ಎಂದೇ. ಗೆಜ್ಜೆಯ ವಿಷಯ ತಿಳಿದಾಗ ನಮಗೆ ಸೋಜಿಗವಾಯಿತು. ಹಿಮದ ಮೇಲೆ ಸ್ಲೆಡ್ಜ್ ಸದ್ದಿಲ್ಲದೆ ಜಾರಿಬರುತ್ತದೆ, ದಾರಿಹೋಕರಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಕುದುರೆಗೆ ಗೆಜ್ಜೆ. ಹಬ್ಬದ ಸಡಗರ ಎಂದುಕೊಂಡದ್ದು ನಮ್ಮ ಎಸ್‌ಟಿ ಬಸ್ಸಿನ ಹಾರ್ನ್ ಇದ್ದಂತೆ! ಸಾರೋಟಿನ ಕುದುರೆಗಳು ಕತ್ತೆತ್ತಿ ಗತ್ತಿನಿಂದ ನಿಂತಿರುತ್ತವಲ್ಲ, ಅದೂ ಅಷ್ಟೇ. ಇಂಗ್ಲೆಂಡಿನಲ್ಲಿ ಆಗ ಶ್ರೀಮಂತರ ಗಾಡಿಯ ಕುದುರೆಗಳಿಗೆ ತಲೆ ತಗ್ಗಿಸಲು ಬಾರದಂತೆ ಬಿಗಿಯಾದ ಒಂದು ಪಟ್ಟಿ ಕಟ್ಟುತ್ತಿದ್ದರು, ಬರೀ ಅಂದಕ್ಕೆ. ದಿಬ್ಬ ಹತ್ತುವಾಗ ಕತ್ತು ಬಗ್ಗಿಸಿ ಬಲ ಹಾಕಲೂ ಆಗದೆ ಕುದುರೆಗಳು ಉಸಿರುಗಟ್ಟಿ ನರಳುತ್ತಿದ್ದವು. ಆನಾ ಸೀವೆಲ್ ಎಂಬಾಕೆ 1877ರಲ್ಲಿ ಬರೆದ 'ಬ್ಲ್ಯಾಕ್ ಬ್ಯೂಟಿ' ಕಾದಂಬರಿಯಲ್ಲಿ ಕುದುರೆಯೇ ತನ್ನ ಕಥೆ ಹೇಳುತ್ತದೆ. ಆ ಪಟ್ಟಿಯ ನೋವು ಅದರಲ್ಲಿದೆ. ಫೋಟೋದಲ್ಲಿ ಮಾತ್ರ ಗತ್ತು ಕಾಣುತ್ತದೆ, ಪಟ್ಟಿ ಕಾಣುವುದು ಹುಡುಕಿದವರಿಗೆ.

ಹಾಗೆಂದು ಕ್ಯಾಮೆರಾ ಹಿಡಿದವರೆಲ್ಲ ಹೀಗೇ ನೋಡಿದರು ಎನ್ನಲಾಗದು. 1893ರಲ್ಲಿ ನ್ಯೂಯಾರ್ಕಿನಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಒಂದು ಫೋಟೋ ಇದೆ, 'ಟರ್ಮಿನಲ್' ಎಂದು ಹೆಸರು. ಹಳಿಯ ಮೇಲೆ ಓಡುವ ಗಾಡಿಯ ಕುದುರೆಗಳು ಕೊನೆಯ ನಿಲ್ದಾಣದಲ್ಲಿ ಹಿಮದಲ್ಲಿ ನಿಂತಿವೆ, ದಣಿದ ಮೈಯಿಂದ ಹಬೆ ಏಳುತ್ತಿದೆ. ಗಾಡಿಯವನು ನಮಗೆ ಬೆನ್ನು ಹಾಕಿ ಅವುಗಳ ಆರೈಕೆಯಲ್ಲಿದ್ದಾನೆ. ಪ್ರಯಾಣಿಕರ ಕಡೆ ನೋಡಬೇಕೆಂದೇ ಅನಿಸುವುದಿಲ್ಲ. ನಮ್ಮ ಕಾರ್ಡುಗಳಲ್ಲಿ ಇದ್ದದ್ದೂ ಹಿಮ, ಕುದುರೆ, ಗಾಡಿಯೇ. ಆದರೆ ಇಲ್ಲಿ ಕಣ್ಣು ಹೋಗುವುದು ಬೇರೆ ಕಡೆ.

ಖಾಲಾ ಅವರ ಹತ್ತಿರ ಮತ್ತೆ ಹೋದೆವು, ಈ ಸಲ ಫೋಟೋ ಬಿಟ್ಟು, ಬರಿಗೈಯಲ್ಲಿ. ಚಾಂದ್‌ನ ಬಗ್ಗೆ ಕೇಳಿದೆವು. ಅದು ಗಿಡ್ಡ ತಳಿ, ಭೀಮಾ ದಂಡೆಯ ಭೀಮಥಡಿ ತಟ್ಟು. ಬೆಳಿಗ್ಗೆ ಸ್ಟೇಷನ್ನಿನಲ್ಲಿ ರೈಲು ಕಾಯುವುದು, ಗಿರಾಕಿ ಸಿಕ್ಕರೆ ಊರಿನ ಆಚೆ ತುದಿಯ ಇಬ್ರಾಹಿಂ ರೋಜಾದವರೆಗೆ. ರಾತ್ರಿ ಹುರಳಿ, ಕಣಿಕಿ. "ಅದು ತಿಂದ ಮ್ಯಾಲ ನಾವು ತಿನ್ನಾವ್ರು" ಎಂದರು ಹೆಮ್ಮೆಯಿಂದ. ನಾವು ಅದನ್ನೇ ಬರೆದುಕೊಳ್ಳುತ್ತಿದ್ದೆವು. ಚೆಂದದ ಮಾತಲ್ಲವೇ? ಆದರೆ ಅವರು ಸ್ವಲ್ಪ ತಡೆದು, "ಅದೂ ತಿನಲಾರದs ಓಡಿದ ದಿನಾನೂ ಇದ್ವು" ಎಂದರು. ಒಂದು ದಿನ ಭಾರ ಹೆಚ್ಚಾಗಿ ಚಾಂದ್ ನಡುಬೀದಿಯಲ್ಲಿ ಕುಸಿದು ಬಿತ್ತಂತೆ. ಗಿರಾಕಿಗಳು ಬಯ್ಯತೊಡಗಿದರು. "ನಮ್ಮಪ್ಪ ಮದಲ ಚಾಬೂಕಿಲೆ ಹೊಡದ. ಏಳಲಿಲ್ಲ. ಆಮ್ಯಾಲ ಅದರ ಕೊಳ್ಳಿಗೆ ಬಿದ್ದು ಅತ್ತ. ಎರಡೂ ನಾನು ನೋಡೀನಿ."

ಆ ಕುದುರೆ ಎದ್ದಿತು, ಮುಂದೆ ಕೆಲವು ವರ್ಷ ದುಡಿಯಿತು. ಅದರ ನಂತರ ಬಂದ ಕುದುರೆಯನ್ನು 1972ರ ಬರಗಾಲದಲ್ಲಿ ಮಾರಿದರು. ಆ ವರ್ಷದ ಮಾತು ನಮ್ಮ ಹಿರಿಯರಿಗೆ ಹೇಳಬೇಕಿಲ್ಲ. ಜತ್ತ ತಾಲೂಕಿನಲ್ಲಿ ಜನ ಖಡಿ ಒಡೆದು, ಸುಕಡಿ ತಿಂದು ದಿನ ದೂಡಿದ ಕಾಲ. ಮನುಷ್ಯರಿಗೇ ಇಲ್ಲದಾಗ ಕುದುರೆಗೆ ಮೇವು ಎಲ್ಲಿಯದು? ಖಾಲಾ ಅಷ್ಟರಲ್ಲಿ ಮದುವೆಯಾಗಿ ಉಮದಿಗೆ ಬಂದಿದ್ದರು. ಕುದುರೆ ಮಾರಿದ ಸುದ್ದಿ ತಿಂಗಳ ನಂತರ ತಿಳಿಯಿತಂತೆ.

ಇಲ್ಲಿ ನಮ್ಮ ಯೋಚನೆ ತೊಡಕಾಯಿತು. ಅಲ್ಲಿಯವರೆಗೆ ನಾವು ಟಾಂಗಾದವನ ಪರ, ಕುದುರೆಯ ಪರ ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದೆವು. ಆದರೆ ಬಡವನ ಹೊಟ್ಟೆ ಮತ್ತು ಕುದುರೆಯ ಬೆನ್ನು ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಸಂಗತಿ ನೋಡಿ. ಗಾಡಿಗೆ ರಾಣಿಯ ಹೆಸರು, ಕುದುರೆಗೆ ಕಾಂಕ್ರೀಟಿನ ರಸ್ತೆ. ಪ್ರಾಣಿದಯೆಯವರು ಕೋರ್ಟಿಗೆ ಹೋದರು. 2015ರ ಜೂನ್ ತಿಂಗಳಲ್ಲಿ ಮುಂಬಯಿ ಹೈಕೋರ್ಟು ಈ ಮೋಜಿನ ಸವಾರಿ ಕಾನೂನಿಗೆ ವಿರುದ್ಧ, ಒಂದು ವರ್ಷದಲ್ಲಿ ನಿಲ್ಲಬೇಕು ಎಂದಿತು. ಗಾಡಿಯವರ ಬದುಕಿಗೆ ಬೇರೆ ದಾರಿ ಮಾಡಿಕೊಡಿ ಎಂದೂ ಸರ್ಕಾರಕ್ಕೆ ಹೇಳಿತು. ತೀರ್ಪು ಸರಿಯೇ ಎಂಬುದು ನಮ್ಮ ಅಭಿಪ್ರಾಯ. ಆದರೆ ಕುದುರೆಗೆ ಬಿಡುಗಡೆ ಬರೆದ ಸಹಿಯೇ ಹಲವು ಮನೆಗಳ ಒಲೆಯನ್ನೂ ಮುಟ್ಟಿತು ಎಂಬುದನ್ನು ಮರೆತು ಅದನ್ನು ಹೊಗಳುವುದು ನಮ್ಮಿಂದಾಗದು. 2021ರಲ್ಲಿ ಅದೇ ಮುಂಬಯಿಯಲ್ಲಿ ಬ್ಯಾಟರಿಯಿಂದ ಓಡುವ ವಿಕ್ಟೋರಿಯಾ ಬಂತು. ನೋಡಲು ಹಳೆಯ ಗಾಡಿಯಂತೆಯೇ ಇದೆ, ಮುಂದೆ ಕುದುರೆ ಮಾತ್ರ ಇಲ್ಲ. ನಮ್ಮ ಹೊಲಗಳಲ್ಲೂ ಹಾಗೆಯೇ ಅಲ್ಲವೇ? ಬೋರಿಗೆ ಐದು ಎಚ್‌ಪಿ ಮೋಟಾರು ಹಾಕಿಸಿದೆವು ಎನ್ನುತ್ತೇವೆ. ಎಚ್‌ಪಿ ಎಂದರೆ ಅಶ್ವಶಕ್ತಿ, 746 ವ್ಯಾಟ್. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರದ ಬಲವನ್ನು ಗಿರಾಕಿಗಳಿಗೆ ತಿಳಿಸಲು ಕುದುರೆಯ ದುಡಿಮೆಯನ್ನು ಅಳತೆಯಾಗಿ ಹಿಡಿದ. ಕುದುರೆ ಹೋಯಿತು, ಅಳತೆ ಉಳಿಯಿತು.

ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದ ಜಟಕಾ ಬಂಡಿಯ ಪದ್ಯ ನಮ್ಮ ಶಾಲೆಗಳಲ್ಲಿ ಕೇಳದವರಿಲ್ಲ. ಅದರಲ್ಲಿ ಮನುಷ್ಯನಿಗೆ ಕೊಟ್ಟ ಪಾತ್ರ ಸವಾರನದಲ್ಲ, ಗಾಡಿ ಹೊಡೆಯುವವನದೂ ಅಲ್ಲ, ಕುದುರೆಯದು. ನಾವು ಭಾಷಣ ಸ್ಪರ್ಧೆಗಳಲ್ಲಿ ಅದನ್ನು ಎಷ್ಟೋ ಸಲ ಹೇಳಿ ಬಹುಮಾನ ತಂದಿದ್ದೇವೆ. ನಿಜವಾದ ಕುದುರೆಯೊಂದನ್ನು ಮಾತ್ರ ಒಮ್ಮೆಯೂ ನೆನೆದವರಲ್ಲ.

ಕೊನೆಗೆ ಗೋಡೆಯ ಮೇಲೆ ಯಾವ ಫೋಟೋ ಹಾಕುವುದು? ಹಳೆಯದನ್ನೇ, ಗೀರು ಕಲೆಗಳ ಸಮೇತ, ಏನೂ ತಿದ್ದದೆ ದೊಡ್ಡದು ಮಾಡಿಸಿದೆವು. ಆ್ಯಪಿನ ಫೋಟೋವನ್ನು ಹರಿದುಹಾಕಬೇಕೆಂದು ಕೆಲವರು, ಬೇಡ ಪಕ್ಕದಲ್ಲೇ ಹಾಕೋಣ, ಜನ ಎರಡನ್ನೂ ನೋಡಲಿ ಎಂದು ಕೆಲವರು. ಖಾಲಾ ಅವರನ್ನೇ ಕೇಳಿದೆವು. "ಅಪ್ಪನ ಬಾಜೂಕ ಬ್ಯಾರೆ ಕುದರಿ ನಿಂದರಿಸಬ್ಯಾಡ್ರಿ" ಎಂದರು. ಅಲ್ಲಿಗೆ ಅದು ಮುಗಿಯಿತು.

ಫೋಟೋದ ಕೆಳಗೆ ಹೆಸರು ಬರೆಯುವಾಗ ಇನ್ನೊಂದು ಪ್ರಶ್ನೆ ಎದ್ದಿತು. ನಮ್ಮ ಧರ್ಮಕ್ಷೇತ್ರದ ರೂಢಿಯಂತೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆವು: ಮೊದಲು ಟಾಂಗಾ ಹೊಡೆದವರ ಹೆಸರು, ಆಮೇಲೆ ಚಾಂದ್, ಆಮೇಲೆ ಆ ಅಧಿಕಾರಿಯ ಕುಟುಂಬ. ಈ ಪತ್ರಿಕೆಯಲ್ಲೂ ಆ ಹೆಸರು ಹಾಕಬೇಕೆಂಬುದು ನಮ್ಮ ಆಸೆಯಾಗಿತ್ತು. ಹೆಸರಿಲ್ಲದವರ ಬಗ್ಗೆ ಇಷ್ಟು ಬರೆದು ಹೆಸರನ್ನೇ ಬಿಟ್ಟರೆ ಹೇಗೆ? ಆದರೆ ಖಾಲಾ ಬೇಡವೆಂದರು. ಚಾಬೂಕಿನ ಮಾತು ಬರೆಯುವುದಾದರೆ ಹೆಸರು ಬೇಡ, ಹೆಸರು ಬೇಕಾದರೆ ಆ ಮಾತು ಬೇಡ. "ಅಪ್ಪ ಕೆಟ್ಟಾಂವ ಇರಲಿಲ್ಲ. ಓದಿದವರಿಗೆ ಅದೊಂದs ನೆನಪ ಉಳದೀತು." ನಾವು ಚಾಬೂಕಿನ ಮಾತು ಉಳಿಸಿಕೊಂಡೆವು, ಹೆಸರು ಬಿಟ್ಟೆವು. ಅವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆದಿದ್ದೇವೆ. ಸರಿಯಾದದ್ದನ್ನು ಆರಿಸಿಕೊಂಡೆವೋ ಇಲ್ಲವೋ ಎಂಬುದರಲ್ಲಿ ನಮ್ಮೊಳಗೆ ಇನ್ನೂ ಒಮ್ಮತವಿಲ್ಲ.

ಹಿಮದ ಕಾರ್ಡುಗಳನ್ನೂ ಎದುರು ಗೋಡೆಗೆ ಹಾಕಿದ್ದೆವು. ಮಕ್ಕಳು ಗೆಜ್ಜೆ ಎಣಿಸುತ್ತ ನಿಂತಿದ್ದರು. ಹಬ್ಬದ ಮರುದಿನ ಖಾಲಾ ಮೊಮ್ಮಗನ ಕೈ ಹಿಡಿದು ಬಂದರು. ಹುಡುಗ ಫೋಟೋದ ಮುಂದೆ ನಿಂತು, ಅದರ ಕೆಳಗಿನ ಅಕ್ಷರ ಕೂಡಿಸಿ ಓದಿ, ಕತ್ತೆತ್ತಿ ನೋಡಿದ.

"ಚಾಂದ್ ಎಲ್ಲದಾನ?"

ಖಾಲಾ ಆ ಹೊಗೆಯ ಮೇಲೆ ಬೆರಳಿಟ್ಟರು.

"ಮಾರಿನs ಕಾಣವಲ್ದಲ್ಲ?"

"ನೊಣ ಕುಂತಿತ್ತು, ಝಾಡಿಸಿಕೊಂಡಾನ" ಎಂದರು.